ಕೂಳೆ ಹೊಲದ ಕವಿತೆ

ಕೇಳುಗರೇ, ನಮಸ್ಕಾರ.

1819ರ ಸೆಪ್ಟೆಂಬರ್ 19, ಭಾನುವಾರ. ಇಂಗ್ಲೆಂಡಿನ ವಿಂಚೆಸ್ಟರ್ ಊರಲ್ಲಿ ತಂಗಿದ್ದ ಇಂಗ್ಲಿಷ್ ಕವಿ ಜಾನ್ ಕೀಟ್ಸ್ ಹೊಲಗಳ ಕಡೆ ಅಡ್ಡಾಡಿ ಬಂದ. ಅವನಿಗಿನ್ನೂ 24 ತುಂಬಿರಲಿಲ್ಲ. ಸುಗ್ಗಿ ಮುಗಿಯುತ್ತಾ ಬಂದಿತ್ತು. ಎರಡು ದಿನ ಬಿಟ್ಟು ಗೆಳೆಯನಿಗೆ ಕಾಗದ ಬರೆದ: ವಸಂತದ ಚಳಿಹಸಿರಿಗಿಂತ ಈ ಕೂಳೆ ಹೊಲವೇ ನನಗೆ ಹಿಡಿಸುತ್ತದೆ, ಯಾಕೋ ಬೆಚ್ಚಗೆ ಕಾಣುತ್ತದೆ, ಅಂತ. ಆ ಅಡ್ಡಾಟದಿಂದ ಹುಟ್ಟಿದ್ದು ಶರತ್ಕಾಲದ ಮೇಲಿನ ಅವನ ಹೆಸರಾಂತ ಕವಿತೆ. ಇರುವುದು ಬರೀ 33 ಸಾಲು.

ಶುರುವಿನಲ್ಲಿ ಎಲ್ಲವೂ ತುಂಬಿ ತುಳುಕುತ್ತದೆ. ಸೇಬಿನ ಭಾರಕ್ಕೆ ಕೊಂಬೆ ಬಾಗಿದೆ, ಸೋರೆ ಉಬ್ಬಿದೆ, ಜೇನುಹುಳಕ್ಕೆ ಬೇಸಿಗೆ ಮುಗಿಯುವುದೇ ಇಲ್ಲವೇನೋ ಅನಿಸಿದೆ. ಆಮೇಲೆ ಶರತ್ಕಾಲವೇ ಒಂದು ಆಳಾಗಿ ಕಾಣಿಸಿಕೊಳ್ಳುತ್ತದೆ. ಕಣಜದಲ್ಲಿ ಕೂತಿದೆ, ತೂರುವ ಗಾಳಿಗೆ ಕೂದಲು ಹಾರುತ್ತಿದೆ. ಅರ್ಧ ಕೊಯ್ದ ಸಾಲಿನಲ್ಲಿ ಗಸಗಸೆ ಹೂವಿನ ಮತ್ತಿಗೆ ನಿದ್ದೆ ಹೋಗಿದೆ. ಕುಡುಗೋಲು ಮುಂದಿನ ಹಿಡಿಯನ್ನು ಹೂವಿನ ಸಮೇತ ಸದ್ಯಕ್ಕೆ ಬಿಟ್ಟಿದೆ. ಆ 'ಸದ್ಯಕ್ಕೆ' ಅನ್ನುವುದರಲ್ಲೇ ಸಾವು ಕೂತಿದೆ. ಆದರೆ ಕವಿ ಅದರ ಹೆಸರೆತ್ತುವುದಿಲ್ಲ. ಮುಂದೆ ಹಕ್ಕಲು ಆಯುವವಳೊಬ್ಬಳ ಹಾಗೆ ತಲೆ ಮೇಲೆ ಹೊರೆ ಹೊತ್ತು ಹಳ್ಳ ದಾಟುತ್ತದೆ. ಕೊನೆಗೆ ಗಾಣದ ಮುಂದೆ ಕೂತು, ಸೇಬಿನ ರಸದ ಕೊನೆ ಹನಿಗಳನ್ನು ಗಂಟೆಗಟ್ಟಲೆ ನೋಡುತ್ತದೆ.

ಆಗ ಕವಿ ಶರತ್ಕಾಲವನ್ನು ಕೇಳುತ್ತಾನೆ: ವಸಂತದ ಹಾಡುಗಳೆಲ್ಲಿ? ಉತ್ತರವನ್ನೂ ಅವನೇ ಕೊಡುತ್ತಾನೆ. ಅವನ್ನು ನೆನೆಯಬೇಡ, ನಿನಗೂ ನಿನ್ನದೇ ಸಂಗೀತವಿದೆ. ಯಾವ ಸಂಗೀತ ಅಂತೀರಾ? ನೊರಜುಗಳ ಗುಂಯ್‌ಗುಡುವಿಕೆ, ಬಲಿತ ಕುರಿಮರಿಗಳ ಕೂಗು, ಬೇಲಿಯ ಜೀರುಂಡೆ. ವಲಸೆ ಹೋಗುವ ಅಂಬರಗುಬ್ಬಿಗಳು ಆಕಾಶದಲ್ಲಿ ಗುಂಪುಗೂಡುತ್ತಿವೆ. ಅಲ್ಲಿಗೆ ಕವಿತೆ ನಿಲ್ಲುತ್ತದೆ.

ಸಾವು ಅವನಿಗೆ ಪುಸ್ತಕದ ಮಾತಾಗಿರಲಿಲ್ಲ. ವೈದ್ಯ ಕಲಿತವನು. ಹಿಂದಿನ ಡಿಸೆಂಬರಿನಲ್ಲಷ್ಟೇ ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡಿದ್ದ. ಹತ್ತಿರವಿದ್ದು ಆರೈಕೆ ಮಾಡಿದವನು ಇವನೇ.

ತಮಾಷೆ ನೋಡಿ, ಅದೇ ವರ್ಷ, ಅದೇ ಶರತ್ಕಾಲ. ಇಟಲಿಯ ಫ್ಲಾರೆನ್ಸ್ ಹತ್ತಿರ, ಆರ್ನೋ ನದಿ ಪಕ್ಕದ ಕಾಡಿನಲ್ಲಿ ಇನ್ನೊಬ್ಬ ಇಂಗ್ಲಿಷ್ ಕವಿ ಶೆಲ್ಲಿ ಪಡುವಣ ಗಾಳಿಯ ಮೇಲೆ ಕವಿತೆ ಬರೆಯುತ್ತಿದ್ದ. ಅವನ ಕಣ್ಣಿಗೆ ಬಿದ್ದದ್ದು ಉದುರಿದ ಎಲೆ, ಗೋರಿಯಲ್ಲಿ ಹೆಣ ಮಲಗಿದ ಹಾಗೆ ಮಣ್ಣಲ್ಲಿ ಮಲಗಿದ ಬೀಜ. ಬೀಜ ಅಂದ ಮೇಲೆ ಮೊಳಕೆ ಬರಲೇಬೇಕಲ್ವಾ? ಚಳಿಗಾಲ ಬಂದರೆ ವಸಂತ ದೂರ ಇದ್ದೀತೇ ಎಂದು ಕೇಳಿ ಮುಗಿಸುತ್ತಾನೆ. ನಮ್ಮಲ್ಲಿ ಭಾಷಣಕಾರರಿಗೆ ಈ ಸಾಲು ಜಾಸ್ತಿ ಇಷ್ಟ. ಧೈರ್ಯ ತುಂಬುತ್ತದೆ, ನಿಜ. ಆದರೂ ನನ್ನ ಓಟು ಕೀಟ್ಸನಿಗೆ. ಶೆಲ್ಲಿಗೆ ಋತುಗಳ ಚಕ್ರ ತಿರುಗಲೇಬೇಕು. ಶರತ್ಕಾಲ ಅವನಿಗೆ ದಾರಿಯಲ್ಲಿ ಸಿಗುವ ಒಂದು ನಿಲ್ದಾಣ ಅಷ್ಟೇ. ಕೀಟ್ಸ್ ಆ ನಿಲ್ದಾಣದಲ್ಲೇ ಇಳಿದುಬಿಡುತ್ತಾನೆ. ನಾಳೆಯ ಭರವಸೆ ಕೇಳದೆ ಇವತ್ತಿನ ಸಂಜೆಯನ್ನು ಪೂರ್ತಿ ನೋಡುತ್ತಾನೆ.

1821ರ ಫೆಬ್ರವರಿ 23ರಂದು ರೋಮಿನಲ್ಲಿ ಕೀಟ್ಸ್ ಕ್ಷಯಕ್ಕೆ ಬಲಿಯಾದ. ವಯಸ್ಸು 25. ಶೆಲ್ಲಿ ಅವನಿಗಾಗಿ ಒಂದು ದೀರ್ಘ ಶೋಕಗೀತೆ ಬರೆದ. ಗೆಳೆಯ ಸತ್ತಿಲ್ಲ, ಪ್ರಕೃತಿಯಲ್ಲಿ ಒಂದಾಗಿದ್ದಾನೆ, ಗುಡುಗಿನಲ್ಲೂ ಇರುಳು ಹಾಡುವ ಹಕ್ಕಿಯಲ್ಲೂ ಅವನದೇ ದನಿ ಇದೆ ಎಂದ. ವಸಂತದ ಭರವಸೆಯನ್ನೇ ಬೇಡವೆಂದಿದ್ದವನನ್ನೂ ತನ್ನ ಚಕ್ರದೊಳಗೆ ಸೇರಿಸಿಕೊಂಡೇಬಿಟ್ಟ!

ನಮಸ್ಕಾರ.