ಕೆಂಪು ಕೋಟು, ಒಳಗೆರೆ, ಅರುಣಾಚಲ

ಸಣ್ಣ ಕ್ವಿಜ್ ಒಂದರಿಂದ ಶುರು ಮಾಡೋಣ. 1960ರಲ್ಲಿ ತವಾಂಗ್, ಅಂದ್ರೆ ಈಗಿನ ಅರುಣಾಚಲದ ಗಡಿ ಊರು, ಭಾರತದ ಯಾವ ಸಚಿವಾಲಯದ ಕೈಕೆಳಗಿತ್ತು? ಗೃಹ ಸಚಿವಾಲಯ ಅಂದ್ರಾ? ತಪ್ಪು. ವಿದೇಶಾಂಗ! ಬೇರೆ ದೇಶಗಳಿಗೆ ರಾಯಭಾರಿಗಳನ್ನ ಕಳಿಸೋ ಇಲಾಖೇನೇ ನಮ್ಮದೇ ದೇಶದ 83,743 ಚದರ ಕಿಲೋಮೀಟರ್ ನೆಲವನ್ನ 1965ರವರೆಗೆ ನೋಡ್ಕೊಳ್ತಿತ್ತು. ಅಸ್ಸಾಂ ರಾಜ್ಯಪಾಲರು ರಾಷ್ಟ್ರಪತಿಗಳ ಏಜೆಂಟ್ ಆಗಿ ಶಿಲ್ಲಾಂಗ್‌ನಲ್ಲಿ ಕೂತು ಆಳ್ತಿದ್ರು. ಆ ಜಾಗದ ಹೆಸರು ನೇಫಾ, ಅಂದ್ರೆ ಈಶಾನ್ಯ ಗಡಿನಾಡ ಏಜೆನ್ಸಿ. ಹೆಸರಲ್ಲೇ ಊರಿಲ್ಲ, ಜನರಿಲ್ಲ. ದೆಹಲಿಯಿಂದ ನೋಡಿದ್ರೆ ಯಾವ ದಿಕ್ಕು ಅನ್ನೋದಷ್ಟೇ ಇದೆ.

ಆ ನೇಫಾ ಅರುಣಾಚಲ ಪ್ರದೇಶ ಅನ್ನೋ ರಾಜ್ಯ ಆದದ್ದು 1987ರ ಫೆಬ್ರವರಿ 20ಕ್ಕೆ. ನಮ್ಮ ಕಡೆ ಇದನ್ನ ಒಂದೇ ವಾಕ್ಯದಲ್ಲಿ ಮುಗಿಸಿಬಿಡ್ತಾರೆ: 'ಚೀನಾಗೆ ಉತ್ತರ ಕೊಡೋಕೆ ಮಾಡಿದ್ದು.' ಸುಳ್ಳಲ್ಲ. ಆದ್ರೆ ಅಷ್ಟೇ ಅಂದ್ಕೊಂಡ್ರೆ ಇವತ್ತಿನ ಅರುಣಾಚಲದ ರಾಜಕೀಯ ತಲೆಬುಡ ಅರ್ಥ ಆಗಲ್ಲ.

ಕನ್ನಡಿಗರಿಗೆ ರಾಜ್ಯ ಅಂದ ತಕ್ಷಣ ನೆನಪಾಗೋದು ಭಾಷೆ. ಆಲೂರು ವೆಂಕಟರಾಯರು ಊರೂರು ಅಲೆದ್ರು, ಅದರಗುಂಚಿ ಶಂಕರಗೌಡ್ರು ಉಪವಾಸ ಕೂತ್ರು, ಹುಬ್ಬಳ್ಳಿಯಲ್ಲಿ ಗಲಾಟೆ ಆಯ್ತು, ಆಮೇಲೆ 1956. ಕೇಳಿ, ಜಗಳ ಆಡಿ ಪಡ್ಕೊಂಡಿದ್ದು. ಅರುಣಾಚಲದಲ್ಲಿ ಆ ಲೆಕ್ಕಾಚಾರವೇ ಇಲ್ಲ. ಮೋನ್ಪಾ, ನ್ಯಿಶಿ, ಆದಿ, ಅಪಾತಾನಿ, ಮಿಶ್ಮಿ, ವಾಂಚೋ... ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲ್ಲ. ಈಗ ಒಬ್ಬರಿಗೊಬ್ಬರು ಮಾತಾಡೋದು ವ್ಯಾಕರಣದ ಮೇಷ್ಟ್ರು ಕೇಳಿದ್ರೆ ಕಿವಿ ಮುಚ್ಕೊಳ್ಳೋ ಥರದ, ಅವರದ್ದೇ ಒಂದು ಹಿಂದಿಯಲ್ಲಿ.

ಹಂಗಾದ್ರೆ ಸರ್ಕಾರ ಅಲ್ಲಿಗೆ ಹೋಗಿದ್ದು ಹೇಗೆ? ನಡ್ಕೊಂಡು. 1951ರ ಫೆಬ್ರವರಿಯಲ್ಲಿ ಮಣಿಪುರದ ಮೇಜರ್ ಬಾಬ್ ಖಾತಿಂಗ್ ಅಸ್ಸಾಂ ರೈಫಲ್ಸ್‌ನ ಸುಮಾರು 200 ಜನರ ಜೊತೆ ಹಿಮದ ಕಣಿವೆ ದಾಟಿ ತವಾಂಗ್ ತಲುಪಿದ್ರು. ಅಲ್ಲೀವರೆಗೆ ಅಲ್ಲಿನ ಜನ ಟಿಬೆಟ್ಟಿನ ಲಾಸಾದ ಅಧಿಕಾರಿಗಳಿಗೆ ತೆರಿಗೆ ಕಟ್ತಿದ್ರು. ಇವರು ಊರಿನ ಹಿರಿಯರನ್ನ ಕೂರಿಸಿ ಮಾತಾಡಿ, ಇನ್ಮುಂದೆ ಕಟ್ಟೋದು ಬೇಡ ಅಂದ್ರು. ಬಾವುಟ ಏರ್ತು. ಇದಕ್ಕಿಂತ ಕಮ್ಮಿ ಸದ್ದಲ್ಲಿ ಒಂದು ಊರು ದೇಶದ ಆಡಳಿತದೊಳಗೆ ಬಂದಿದ್ದನ್ನ ನಾನಂತೂ ಓದಿಲ್ಲ.

ಅಲ್ಲಿನ ಹಳ್ಳಿಗಳ ಫೋಟೋ ನೋಡಿ. ಸಮಾರಂಭ ಅಂದ್ರೆ ಮುಂದಿನ ಸಾಲಲ್ಲಿ ಕೆಂಪು ಕೋಟು ಹಾಕ್ಕೊಂಡ ಹಿರಿಯರು ಕೂತಿರ್ತಾರೆ. ಗಾಂವ್ ಬುಢಾ ಅಂತಾರೆ, ಊರ ಯಜಮಾನ. ಆ ಕೋಟು ಬ್ರಿಟಿಷರು ಶುರು ಮಾಡಿದ್ದು. ಸ್ವಾತಂತ್ರ್ಯ ಬಂತು, ಗಡಿನಾಡು ರಾಜ್ಯ ಆಯ್ತು, ಕೋಟು ಮಾತ್ರ ಹೋಗಲಿಲ್ಲ. ತೊಡೋರು ಊರಿನವರೇ. ತೊಡಿಸೋರು ಸರ್ಕಾರದವರು. ಈ ಕೋಟನ್ನ ನೆನಪಲ್ಲಿಟ್ಕೊಳ್ಳಿ.

1959ರಲ್ಲಿ ಲಾಂಗ್ಜು ಅನ್ನೋ ಚೌಕಿಯಲ್ಲಿ ಚೀನಾ ಗುಂಡು ಹಾರಿಸಿತು. ಆಮೇಲೆ ನೇಫಾ ಗಡಿ ಸೇನೆಯ ಕೈಗೆ ಹೋಯ್ತು. ಆಗ ಸೇನಾ ಮುಖ್ಯಸ್ಥರು ನಮ್ಮ ಕೊಡಗಿನ ತಿಮ್ಮಯ್ಯನವರು. 1962ರ ಕಥೆ ನಿಮಗೆ ಗೊತ್ತು: ತವಾಂಗ್ ಹೋಯ್ತು, ಬೊಮ್ದಿಲಾ ಹೋಯ್ತು, ನವೆಂಬರ್ 21ಕ್ಕೆ ಚೀನಾ ತಾನೇ ಕದನವಿರಾಮ ಸಾರಿ ವಾಪಸ್ ಹೋಯ್ತು.

ನನಗೆ ಯುದ್ಧಕ್ಕಿಂತ ಹೆಚ್ಚು ಕಾಡೋದು ಮತದಾನದ ವಿಷಯ. 1952ರಿಂದ 1971ರವರೆಗೆ ಐದು ಲೋಕಸಭಾ ಚುನಾವಣೆ ನಡೆದ್ವು. ನೇಫಾ ಜನ ಒಂದರಲ್ಲೂ ಓಟು ಹಾಕಲಿಲ್ಲ. ಅವರ ಸಂಸದರನ್ನ ರಾಷ್ಟ್ರಪತಿಗಳೇ ನೇಮಿಸ್ತಿದ್ರು. ಮೊದಲ ಚುನಾವಣೆ 1977ರಲ್ಲಿ, ಅದೂ ಎರಡು ಕ್ಷೇತ್ರ. ಪಶ್ಚಿಮ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿ ಅವಿರೋಧ ಆಯ್ಕೆ! ಅಂದ್ರೆ ಅಷ್ಟು ವರ್ಷ ಕಾದವರಲ್ಲಿ ಅರ್ಧ ಜನಕ್ಕೆ ಆಗಲೂ ಬೆರಳಿಗೆ ಶಾಯಿ ಬೀಳಲಿಲ್ಲ. 1964ರಿಂದ ಪೂರ್ವ ಪಾಕಿಸ್ತಾನದಿಂದ ಬಂದ ಚಕ್ಮಾ, ಹಾಜೋಂಗ್ ನಿರಾಶ್ರಿತರನ್ನ ಅಲ್ಲಿ ನೆಲೆ ನಿಲ್ಲಿಸಿದಾಗ ಸ್ಥಳೀಯರನ್ನ ಕೇಳೋಣ ಅಂದ್ರೆ ಕೇಳೋಕೆ ಒಂದು ವಿಧಾನಸಭೆಯೂ ಇರಲಿಲ್ಲ. ಆ ಸಿಟ್ಟು ಇವತ್ತಿಗೂ ಆರಿಲ್ಲ.

ಮುಂದಿನ ಮೆಟ್ಟಿಲುಗಳನ್ನ ಬೇಗ ಹತ್ತೋಣ. 1972ರ ಜನವರಿ 20ಕ್ಕೆ ಝೀರೋದಲ್ಲಿ ಇಂದಿರಾ ಗಾಂಧಿ ಬಂದು ಕೇಂದ್ರಾಡಳಿತ ಪ್ರದೇಶ ಅಂತ ಘೋಷಿಸಿದ್ರು, ಹೆಸರು ಅರುಣಾಚಲ ಆಯ್ತು. ಎರಡು ವರ್ಷಕ್ಕೆ ರಾಜಧಾನಿ ಶಿಲ್ಲಾಂಗ್ ಬಿಟ್ಟು ಇಟಾನಗರಕ್ಕೆ. 1975ರಲ್ಲಿ ವಿಧಾನಸಭೆ. 1986ರಲ್ಲಿ ತವಾಂಗ್ ಕಡೆಯ ಸುಮ್ದೊರೊಂಗ್ ಚೂ ಕಣಿವೆಯಲ್ಲಿ ಭಾರತ, ಚೀನಾ ಎರಡೂ ಸೇನೆ ಎದುರುಬದುರು ನಿಂತಿರುವಾಗಲೇ ಸಂಸತ್ತಲ್ಲಿ 55ನೇ ತಿದ್ದುಪಡಿ ಪಾಸಾಯ್ತು. ಚೀನಾ ಕೂಗಾಡ್ತು. 24ನೇ ರಾಜ್ಯ ಹುಟ್ಟಿತು.

ಆದ್ರೆ ಅದೇ ತಿದ್ದುಪಡಿಯಲ್ಲಿ 371ಹೆಚ್ ಅಂತ ಒಂದು ವಿಧಿ ಸೇರ್ಕೊಳ್ತು: ಕಾನೂನು ಸುವ್ಯವಸ್ಥೆಯಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆ, ಕೊನೇ ಮಾತು ಅವರದ್ದೇ. ನಮ್ಮ ರಾಜ್ಯಪಾಲರಿಗೆ ಅಂಥದ್ದು ಇದ್ದಿದ್ರೆ ಬೆಂಗಳೂರಲ್ಲಿ ದಿನಾ ಧರಣಿ ಆಗ್ತಿತ್ತು.

ಈಗ ಆ ಕೆಂಪು ಕೋಟಿನ ಮಾತಿಗೆ ಬನ್ನಿ. 2016ರಲ್ಲಿ ಪೆಮಾ ಖಾಂಡು ಜುಲೈನಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿ, ಸೆಪ್ಟೆಂಬರ್‌ನಲ್ಲಿ ಪ್ರಾದೇಶಿಕ ಪಕ್ಷ, ಡಿಸೆಂಬರ್ ಕೊನೆಗೆ ಬಿಜೆಪಿ. ಅದೇ ಕುರ್ಚಿ, ಆರು ತಿಂಗಳಲ್ಲಿ ಮೂರು ಬಾವುಟ. 2003ರಲ್ಲಿ, ಬಹುಕಾಲ ಅಲ್ಲಿ ಮುಖ್ಯಮಂತ್ರಿಯಾಗಿದ್ದ ಗೆಗಾಂಗ್ ಅಪಾಂಗ್ ಬಿಜೆಪಿಗೆ ಹೋಗಿ, ಮರುವರ್ಷ ದೆಹಲಿಯಲ್ಲಿ ಸರ್ಕಾರ ಬದಲಾದ ಮೇಲೆ ಕಾಂಗ್ರೆಸ್ಸಿಗೆ ವಾಪಸ್ ಬಂದಿದ್ರು. ನಾವು ಇಲ್ಲಿ ಕೂತು ಜಂಪಿಂಗ್ ಸ್ಟಾರ್‌ಗಳು ಅಂತ ನಗ್ತೀವಿ. (ರೆಸಾರ್ಟ್ ರಾಜಕೀಯ ಕಂಡುಹಿಡಿದವರ ಹಾಗೆ ಇರೋ ನಮಗೆ ಆ ಹಕ್ಕಿದೆಯಾ, ಅದು ಬೇರೆ ಮಾತು.) ಖಜಾನೆಗೆ ಬರೋ ದುಡ್ಡಲ್ಲಿ ಬಹುಪಾಲು ಕೇಂದ್ರದ್ದು, ರಾಜ್ಯವನ್ನ ಮೆಟ್ಟಿಲು ಮೆಟ್ಟಿಲಾಗಿ ಮೇಲಿಂದ ಇಳಿಸಿದ್ದು. ಕೋಟು ಕೊಡೋ ಕೈ ಯಾವ ಕಡೆ ಇದೆಯೋ ಆ ಕಡೆ ತಿರುಗೋದನ್ನ ನಾವೇ ಕಲಿಸಿಕೊಟ್ಟಿದ್ದೀವಿ.

ಒಂದು ಒಳ್ಳೇದನ್ನ ಮುಚ್ಚಿಡಬಾರದು. ಒಳಗೆರೆ ಪರವಾನಗಿ, ಅಂದ್ರೆ ಇನ್ನರ್ ಲೈನ್ ಪರ್ಮಿಟ್, ಹೊರಗಿನವರು ಒಳಗೆ ಹೋಗೋಕೆ ಬೇಕಾದ ಪಾಸು. 1873ರ ಕಾನೂನು, ಬ್ರಿಟಿಷರು ತಮ್ಮ ಟೀ ತೋಟದ ಅನುಕೂಲಕ್ಕೆ ಎಳೆದ ಗೆರೆ. ಇವತ್ತು ಬೈಕಲ್ಲಿ ತವಾಂಗ್‌ಗೆ ಹೋಗೋ ನಮ್ಮ ಹುಡುಗರು 'ನಮ್ಮ ದೇಶದಲ್ಲೇ ಯಾಕ್ರೀ ಪಾಸು' ಅಂತ ಗೊಣಗ್ತಾರೆ. ಆ ಗೆರೆ ಇಲ್ದಿದ್ರೆ ಅಲ್ಲಿನ ಜಮೀನು ಯಾರ ಕೈಲಿರ್ತಿತ್ತು ಅಂತ ಬೆಂಗಳೂರಿನ ಸುತ್ತಮುತ್ತ ಹಳ್ಳಿಯವರನ್ನ ಕೇಳಿ, ಹೇಳ್ತಾರೆ.

ಚೀನಾ ಗಡಿಯ ಅಂಜಾವ್ ಜಿಲ್ಲೆಯಲ್ಲಿ ಮಾಲೋಗಾಮ್ ಅಂತ ಒಂದು ಮತಗಟ್ಟೆ ಇದೆ. 2019ರಲ್ಲೂ 2024ರಲ್ಲೂ ಅಲ್ಲಿ ಇದ್ದದ್ದು ಒಬ್ಬರೇ ಮತದಾರರು, ಒಬ್ಬ ಹೆಣ್ಣುಮಗಳು. ಅವರೊಬ್ಬರ ಓಟಿಗಾಗಿ ಮತಯಂತ್ರ ಹೊತ್ತ ಸಿಬ್ಬಂದಿ ಬೆಟ್ಟ ಹತ್ತಿ ಹೋದ್ರು, ಖಾತಿಂಗ್ ಹೋದ ಹಾಗೇ, ಕಾಲ್ನಡಿಗೆಯಲ್ಲಿ.