ಲಾಯಕ್ಕೆ ಸುದ್ದಿ ಯಾಕೆ ಕೊನೆಗೆ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಬೆಳಗಿನ ಟ್ರ್ಯಾಕ್ ವರ್ಕ್ ಮುಗಿಸಿ, ಕುದುರೆ ಮೈ ತೊಳೆದು, ಮೇವು ಹಾಕಿ, ಸರಿಯಾಗಿ ಊಟ ಕೂಡ ಮಾಡದೆ ಬಂದು ಕೂತಿದ್ದೀರಿ. ಮಧ್ಯಾಹ್ನ ಮತ್ತೆ ಲಾಯಕ್ಕೆ ಹೋಗಬೇಕು. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ತಂದೆ ಸೈಸ್ ಆಗಿದ್ದರು, ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು. ಅದು ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತು. ನಾನು ಕುದುರೆ ಕೆಲಸಕ್ಕೆ ಹೋಗಲಿಲ್ಲ, ಪ್ರಿಂಟಿಂಗ್ ಪ್ರೆಸ್ ಸೇರಿದೆ. ಆದರೆ ಹನ್ನೊಂದು ವರ್ಷದಿಂದ ನಮ್ಮ ಬೆಂಗಳೂರು ರೇಸ್ ಕೋರ್ಸ್ ಗೇಟಿನ ಹತ್ತಿರದ ಟೀ ಅಂಗಡಿ ಗೋಡೆಗೆ ಒಂದು ಕಪ್ಪು ಹಲಗೆ ತಗುಲಿಹಾಕಿ ರೇಸ್ ಸುದ್ದಿಯನ್ನು ಕನ್ನಡದಲ್ಲಿ ಬರೆಯುತ್ತಾ ಬಂದಿದ್ದೇನೆ. ಅದರಲ್ಲಿ ಟಿಪ್ಸ್ ಇರುವುದಿಲ್ಲ. ಯಾವ ಕುದುರೆ ಗೆಲ್ಲುತ್ತದೆ ಅಂತ ಕೇಳಿಕೊಂಡು ಬಂದವರನ್ನು ವಾಪಸ್ ಕಳಿಸಿದ್ದೇನೆ. ಸೀಸನ್ ಯಾವಾಗ ಶುರು, ಯಾವ ದಿನದ ರೇಸ್ ರದ್ದಾಯಿತು, ಕೋರ್ಟಿನಲ್ಲಿ ಏನಾಯಿತು, ಯಾವ ಲಸಿಕೆ ಹಾಕಿಸಬೇಕು, ಇಷ್ಟೇ ಬರೆಯುವುದು.

ಈ ಹಲಗೆ ಯಾಕೆ ಬೇಕಾಯಿತು ಅಂದರೆ, ರೇಸ್ ನಿಂತರೆ ಮೊದಲ ಪೆಟ್ಟು ಲಾಯದಲ್ಲಿ ಇರುವವರಿಗೆ ಬೀಳುತ್ತದೆ, ಸುದ್ದಿ ಮಾತ್ರ ಎಲ್ಲರಿಗಿಂತ ಕೊನೆಗೆ ಅವರಿಗೆ ಬರುತ್ತದೆ. ಮಾಲೀಕರಿಗೆ ಫೋನ್ ಬರುತ್ತದೆ. ಟ್ರೈನರ್‌ಗೆ ಪತ್ರ ಬರುತ್ತದೆ. ಬೆಟ್ ಕಟ್ಟುವ ಪಂಟರ್‌ಗಳಿಗೆ ಪೇಪರ್ ಇದೆ. ಸೈಸ್‌ಗೆ ಯಾರೂ ಹೇಳುವುದಿಲ್ಲ. ರೇಸ್ ಬುಕ್ಕು ಇಂಗ್ಲಿಷಿನಲ್ಲಿ, ನೋಟಿಸು ಇಂಗ್ಲಿಷಿನಲ್ಲಿ. ನಮ್ಮ ಲಾಯಗಳಲ್ಲಿ ಕನ್ನಡ, ತಮಿಳು, ತೆಲುಗು, ದಖನಿ, ರಾಜಸ್ಥಾನದ ಹಿಂದಿ ಎಲ್ಲ ಕೇಳಿಸುತ್ತದೆ, ಇಂಗ್ಲಿಷ್ ಓದುವವರು ಎಷ್ಟು ಜನ ಇದ್ದಾರೆ ಹೇಳಿ?

2024 ನೆನಪಿಸಿಕೊಳ್ಳಿ. ನಮ್ಮ ರೇಸ್ ನಡೆಯಬೇಕಾದರೆ 1952ರ ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯ್ದೆ ಪ್ರಕಾರ ಸರ್ಕಾರದ ಲೈಸೆನ್ಸ್ ಬೇಕು. ಆ ವರ್ಷ ಜನವರಿಯಲ್ಲಿ ಬುಕ್ಕಿಗಳ ಮೇಲೆ ಪೊಲೀಸ್ ದಾಳಿ ಆಯಿತು. ಮಾರ್ಚ್ ಕೊನೆಗೆ ಲೈಸೆನ್ಸ್ ಅವಧಿ ಮುಗಿಯಿತು. ಜೂನ್‌ನಲ್ಲಿ ಸರ್ಕಾರ ಕೊಡುವುದಿಲ್ಲ ಅಂದಿತು. ವಿಷಯ ಹೈಕೋರ್ಟಿಗೆ ಹೋಗಿ, ಒಬ್ಬ ನ್ಯಾಯಮೂರ್ತಿಗಳ ಪೀಠ ರೇಸ್ ನಡೆಸಬಹುದು ಅಂತ ಆದೇಶ ಕೊಟ್ಟಿತು, ನಾವೆಲ್ಲ ಸಂತೋಷಪಟ್ಟೆವು, ಒಂದು ವಾರವೂ ಕಳೆಯಲಿಲ್ಲ, ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಹಾಕಿತು. ಬೇಸಿಗೆ ಸೀಸನ್‌ಗೆ ದೊಡ್ಡ ಪೆಟ್ಟು ಬಿತ್ತು. ಅಷ್ಟು ದಿನ ಲಾಯದಲ್ಲಿ ಏನು ಮಾತು ಓಡಾಡುತ್ತಿತ್ತು? ನಾಳೆಯಿಂದ ಶುರು ಅಂತ ಒಬ್ಬರು, ಶಾಶ್ವತವಾಗಿ ಬಂದ್ ಅಂತ ಇನ್ನೊಬ್ಬರು. ನನಗೆ ಗೊತ್ತಿರುವ ಒಬ್ಬ ಹುಡುಗ, ರೈಡಿಂಗ್ ಬಾಯ್, ಬಂದ್ ಅನ್ನುವ ಮಾತು ನಂಬಿ ಮನೆ ಖಾಲಿ ಮಾಡಿ ಊರಿಗೆ ಹೋಗಿಬಿಟ್ಟ. ವಾಪಸ್ ಬರುವಷ್ಟರಲ್ಲಿ ಅವನು ಓಡಿಸುತ್ತಿದ್ದ ಕುದುರೆಗಳು ಬೇರೆಯವರ ಕೈಗೆ ಹೋಗಿದ್ದವು. ಅವನಿಗೆ ನಷ್ಟ ಮಾಡಿದ್ದು ಕೋರ್ಟಿನ ಆದೇಶ ಅಲ್ಲ. ಆ ಆದೇಶದಲ್ಲಿ ಏನಿದೆ ಅಂತ ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ತಡೆ ಅಂದರೆ ಕೊನೆಯ ತೀರ್ಪಲ್ಲ, ಅಷ್ಟು ಹೇಳಿದ್ದರೆ ಸಾಕಿತ್ತು.

ಕಾಯಿಲೆ ಸುದ್ದಿಯಂತೂ ಇದಕ್ಕಿಂತ ಕಷ್ಟ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ದಯವಿಟ್ಟು ಕೇಳಿ.

2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಕುದುರೆ ಫ್ಲೂ ಕಾಣಿಸಿಕೊಂಡಿತು. ವೈಷ್ಣೋದೇವಿಗೆ ಹೋಗುವ ಯಾತ್ರಿಕರನ್ನು ಹೊರುವ ಕುದುರೆ, ಹೇಸರಗತ್ತೆಗಳಿಗೆ ಬಂದದ್ದು. ಅದು ರಾಜ್ಯ ರಾಜ್ಯ ದಾಟಿ ನಮ್ಮ ಲಾಯಗಳಿಗೂ ಬಂತು. ಒಂದು ಕುದುರೆ ಕೆಮ್ಮಿದರೆ ಪಕ್ಕದ ಸಾಲಿನ ಕುದುರೆಗೆ ಬರುತ್ತದೆ, ಅಷ್ಟು ಜೋರು. ನಮ್ಮ ಬಟ್ಟೆಯಲ್ಲಿ, ಬಕೆಟ್ಟಿನಲ್ಲಿ, ಕುದುರೆ ಸಾಗಿಸುವ ಗಾಡಿಯಲ್ಲಿ ಕೂಡ ಹೋಗುತ್ತದೆ. ಆದರೆ ಅದು ಸೈಸ್‌ಗಳಿಗೆ ಹರಡುವ ಕಾಯಿಲೆ ಅಲ್ಲ. ಇದನ್ನು ನಮ್ಮ ಬೀದಿಗೆ ಯಾರೂ ಹೇಳಲಿಲ್ಲ. ನಮ್ಮ ತಂದೆ ಕೆಲಸ ಮುಗಿಸಿ ಬರುವಾಗ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನ ತಂಗಿಯ ಜೊತೆ ಆಡಲು ಮಕ್ಕಳನ್ನು ಬಿಡುತ್ತಿರಲಿಲ್ಲ. ಅವಳಿಗೆ ಆಗ ಒಂಬತ್ತು ವರ್ಷ. ಅಪ್ಪ ಬಾವಿ ಕಟ್ಟೆ ಹತ್ತಿರ ಕೂತು ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆದು, ನೋಡಿ, ತೊಳೆದಿದ್ದೇನೆ ಅಂತ ಎಲ್ಲರಿಗೂ ಕೈ ತೋರಿಸುತ್ತಿದ್ದರು. ಆ ಕೈ ನನಗೆ ಇವತ್ತಿಗೂ ಮರೆತಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಗ್ಲ್ಯಾಂಡರ್ಸ್ ಅಂತ ಒಂದು ಕಾಯಿಲೆ ಇದೆ. ಇದು ಬ್ಯಾಕ್ಟೀರಿಯಾದಿಂದ ಬರುವುದು, ಮನುಷ್ಯರಿಗೂ ಬರುತ್ತದೆ, ಪ್ರಾಣಕ್ಕೇ ಅಪಾಯ. ಕುದುರೆಗೆ ಇದರ ಲಸಿಕೆ ಇಲ್ಲ. ಮೂಗಿನಿಂದ ಗಟ್ಟಿ ಸಿಂಬಳ, ಚರ್ಮದ ಕೆಳಗೆ ಸಾಲಾಗಿ ಗಂಟು, ಗಂಟು ಒಡೆದು ಹುಣ್ಣು. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ. ಇದೆ ಅಂತ ಗಟ್ಟಿಯಾದರೆ ಆ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ಕಾನೂನೇ ಹಾಗಿದೆ. ಅದಕ್ಕೇ ಮುಚ್ಚಿಡುವ ಆಸೆ ಆಗುತ್ತದೆ. ಮಗುವಿನ ಹಾಗೆ ಸಾಕಿದ ಕುದುರೆ ಅಲ್ವಾ? ಆದರೆ ಮುಚ್ಚಿಟ್ಟರೆ ಒಂದೇ ತೊಟ್ಟಿಯಲ್ಲಿ ನೀರು ಕುಡಿದ ಉಳಿದ ಕುದುರೆಗಳೂ ಹೋಗುತ್ತವೆ, ಆ ಕುದುರೆಯ ಮೂಗು ಒರೆಸಿದ ಕೈಯೂ ಹೋಗಬಹುದು.

ಒಂದು ಕಾಯಿಲೆಯಲ್ಲಿ ಹೆದರಬೇಕಾಗಿರಲಿಲ್ಲ, ಹೆದರಿದರು. ಇನ್ನೊಂದರಲ್ಲಿ ಹೆದರಲೇಬೇಕು, ಆದರೆ ಏನೂ ಆಗುವುದಿಲ್ಲ ಬಿಡಣ್ಣ ಅಂತಾರೆ. ಎರಡಕ್ಕೂ ಕುದುರೆ ಕಾಯಿಲೆ ಅಂತ ಒಂದೇ ಹೆಸರು ಹೇಳಿದರೆ ಯಾರಿಗೆ ಏನು ತಿಳಿಯಬೇಕು? ಹಲಗೆಯ ಮೇಲೆ ಕಾಯಿಲೆಯ ಹೆಸರು ಬರೆಯುವಾಗ ಮನುಷ್ಯರಿಗೆ ಬರುತ್ತದೋ ಇಲ್ಲವೋ ಅಂತ ಮೊದಲ ಸಾಲಿನಲ್ಲೇ ಬರೆಯುವುದು ನಾನು ಕಲಿತ ಪಾಠ. ಎರಡನೇ ಸಾಲು, ಏನು ಮಾಡಬೇಕು. ಫ್ಲೂ ಆದರೆ ವಿಶ್ರಾಂತಿ. ಜ್ವರ ಇದ್ದ ಒಂದೊಂದು ದಿನಕ್ಕೆ ಒಂದೊಂದು ವಾರ ಅಂತ ಡಾಕ್ಟರುಗಳು ಲೆಕ್ಕ ಹೇಳುತ್ತಾರೆ. ಮೂರು ದಿನ ಜ್ವರ ಬಂದ ಕುದುರೆಯನ್ನು ಐದನೇ ದಿನ ಟ್ರ್ಯಾಕಿಗೆ ತರಬೇಡಿ, ಎಷ್ಟೇ ಒತ್ತಡ ಇರಲಿ.

ಇನ್ನು ತೆರಿಗೆ. ಅದು ಮೇಲಿನವರ ವಿಷಯ, ನಮಗೇನು ಅಂತ ಸುಮ್ನೆ ಇರುತ್ತೀರಿ. ನಮಗೇ ಬಂದು ತಗಲುತ್ತದೆ. ಕುದುರೆ ರೇಸ್ ಜೂಜಲ್ಲ, ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಟೋಟ್‌ಗೆ, ಅಂದರೆ ಕ್ಲಬ್ಬೇ ನಡೆಸುವ ಬೆಟ್ಟಿಂಗ್ ಕೌಂಟರಿಗೆ, ಬರುವ ಕಮಿಷನ್ ಮೇಲೆ ಮಾತ್ರ ಜಿಎಸ್‌ಟಿ ಹಾಕಬಹುದು, ಪೂರ್ತಿ ಬೆಟ್ ಮೇಲೆ ಅಲ್ಲ ಅಂತ ನಮ್ಮ ಹೈಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು. ಆಮೇಲೆ ಕಾನೂನೇ ಬದಲಾಯಿತು. 2023ರ ಅಕ್ಟೋಬರ್ 1ರಿಂದ ಪೂರ್ತಿ ಬೆಟ್ ಮೇಲೆ ಶೇ 28. 2025ರ ಸೆಪ್ಟೆಂಬರ್ 22ರಿಂದ ಶೇ 40. ಅಂದರೆ 100 ರೂಪಾಯಿ ಬೆಟ್‌ಗೆ 40 ರೂಪಾಯಿ ತೆರಿಗೆ, ಗೆದ್ದರೂ ಸೋತರೂ. ಲಾಟರಿಗೂ ಕ್ಯಾಸಿನೊಗೂ ಇದೇ ದರ. ಗೆದ್ದ ಹಣ 10,000 ದಾಟಿದರೆ ಆದಾಯ ತೆರಿಗೆ ಬೇರೆ ಹಿಡಿಯುತ್ತಾರೆ.

ಹೀಗಾದರೆ ಪಂಟರ್ ಏನು ಮಾಡುತ್ತಾನೆ? ಟೋಟ್ ಕಿಟಕಿಗೆ ಬರುವುದು ಬಿಟ್ಟು, ತೆರಿಗೆಯೇ ಇಲ್ಲದ ಕಳ್ಳ ಬುಕ್ಕಿ ಹತ್ತಿರ ಹೋಗುತ್ತಾನೆ. ಟೋಟ್‌ನಲ್ಲಿ ಹಣ ಕಮ್ಮಿ ಆದರೆ ಕ್ಲಬ್ಬಿನ ಪಾಲು ಕಮ್ಮಿ. ಅಲ್ಲಿಂದಲೇ ಬಹುಮಾನದ ಹಣ ಬರಬೇಕು, ಅದೂ ಕಮ್ಮಿ. ಗೆದ್ದರೂ ಕುದುರೆಯ ಖರ್ಚು ಹುಟ್ಟುವುದಿಲ್ಲ ಅಂತ ಮಾಲೀಕರು ಇಬ್ಬರು ಮೂವರು ಸೇರಿ ಒಂದು ಕುದುರೆ ಇಟ್ಟುಕೊಳ್ಳುತ್ತಾರೆ, ಇಲ್ಲ ಪೂರ್ತಿ ಬಿಟ್ಟುಬಿಡುತ್ತಾರೆ. ಲಾಯದಲ್ಲಿ ಹತ್ತು ಕುದುರೆ ಇದ್ದ ಕಡೆ ಆರು ಆಗುತ್ತದೆ. ಆರು ಕುದುರೆಗೆ ಎಷ್ಟು ಸೈಸ್ ಬೇಕು, ನೀವೇ ಲೆಕ್ಕ ಹಾಕಿ. ಲಾಳ ಕಟ್ಟುವವರು, ಕುದುರೆ ಮಸಾಲೆ ಸೊಪ್ಪು ಬೆಳೆದು ತಂದು ಹಾಕುವ ರೈತರು, ಜೀನು ಹೊಲಿಯುವವರು, ಎಲ್ಲರಿಗೂ ಇದೇ ಲೆಕ್ಕ. ತೆರಿಗೆ ಕಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ಕಟ್ಟಬೇಕು. ಆದರೆ ಕಾನೂನು ಪ್ರಕಾರ ನಡೆಯುವ ಕಿಟಕಿಯನ್ನು ಖಾಲಿ ಮಾಡಿಸಿ ಕಳ್ಳ ಬುಕ್ಕಿಯ ಜೇಬು ತುಂಬಿಸುವ ತೆರಿಗೆ ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಜಾಗದ ವಿಷಯ. ನಮ್ಮ ರೇಸ್ ಕೋರ್ಸ್ ಊರ ನಡುವೆ ಸುಮಾರು 85 ಎಕರೆ. ಲೀಸ್ 2009ರ ಡಿಸೆಂಬರ್ 31ಕ್ಕೆ ಮುಗಿದಿದೆ. ಅವತ್ತಿನಿಂದ ಎಷ್ಟು ಸಲ ಸ್ಥಳಾಂತರದ ಮಾತು ಕೇಳಿದ್ದೇವೆ! ಒಂದು ಸಲ ಚಿಕ್ಕಜಾಲದ ಕಡೆ ಅಂದರು. ಆಮೇಲೆ ಕುಣಿಗಲ್ ಹೆಸರು ಕೇಳಿಬಂತು. ಕುಣಿಗಲ್ ಕುದುರೆ ಫಾರ್ಮ್ ನಮಗೆ ಹೊಸದಲ್ಲ. ಟಿಪ್ಪು ಸುಲ್ತಾನನ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ, 400 ಎಕರೆಗೂ ಜಾಸ್ತಿ ಇದೆ. ಕುದುರೆಗೆ ಅಲ್ಲಿಯ ಗಾಳಿ ಒಳ್ಳೆಯದೇ. ಊರ ನಡುವೆ ಹಸಿರು ಉಳಿಯಬೇಕು, ಎಲ್ಲರಿಗೂ ಪಾರ್ಕ್ ಆಗಬೇಕು ಅನ್ನುವವರ ಮಾತಿನಲ್ಲೂ ನ್ಯಾಯ ಇದೆ. ನಾನು ಹೋಗಬಾರದು ಅಂತ ಹಠ ಹಿಡಿಯುವವನಲ್ಲ. ಆದರೆ ಹೋಗುವುದಾದರೆ ಯಾವಾಗ, ಸೈಸ್‌ಗಳಿಗೆ ಮನೆ ಎಲ್ಲಿ, ಮಕ್ಕಳ ಸ್ಕೂಲು ಯಾವುದು ಅಂತ ಮೊದಲೇ ಹೇಳಬೇಕು.

ಹೊರಗಡೆ ಏನಾಯಿತು ನೋಡಿ. ಸಿಂಗಾಪುರದಲ್ಲಿ 1842ರಲ್ಲಿ ಹುಟ್ಟಿದ ಕ್ಲಬ್ಬು. ಮನೆ ಕಟ್ಟಲು ಜಾಗ ಬೇಕು ಅಂತ ಅಲ್ಲಿಯ ಸರ್ಕಾರ 2023ರ ಜೂನ್‌ನಲ್ಲಿ ಹೇಳಿತು. ಕೊನೆಯ ರೇಸ್ 2024ರ ಅಕ್ಟೋಬರ್ 5ಕ್ಕೆ. ನಡುವೆ 16 ತಿಂಗಳು. ರೇಸ್ ನಿಂತದ್ದು ದುಃಖವೇ, ಆದರೂ ಕುದುರೆಗಳನ್ನು ಬೇರೆ ದೇಶಕ್ಕೆ ಕಳಿಸಲು, ಜನ ಬೇರೆ ಕೆಲಸ ಹುಡುಕಲು ಟೈಮ್ ಸಿಕ್ಕಿತು. ನಮ್ಮ ಪಕ್ಕದ ಚೆನ್ನೈಯಲ್ಲಿ ಗಿಂಡಿಯ ಸುಮಾರು 160 ಎಕರೆಯ ಲೀಸ್ ರದ್ದುಮಾಡಿ 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಗೇಟಿಗೆ ಬೀಗ ಹಾಕಿತು. ಅದೇ ವರ್ಷ ಊಟಿಯ ರೇಸ್ ಕೋರ್ಸನ್ನೂ ವಾಪಸ್ ತೆಗೆದುಕೊಂಡಿತು. ಬೀಗದ ಸುದ್ದಿ ಬೆಳಿಗ್ಗೆ ಮೇವು ಹಾಕಲು ಹೋದಾಗ ಗೊತ್ತಾಗುವುದು ಬೇಡ. ನಮಗೆ ಬೇಕಾದ್ದು ಆ 16 ತಿಂಗಳು.

ಮೈಸೂರಿನ ನಮ್ಮವರೂ ಇವತ್ತು ಬಂದಿದ್ದಾರೆ, ಸಂತೋಷ. 1891ರ ಕ್ಲಬ್ಬು ಅವರದು, ಚಾಮುಂಡಿ ಬೆಟ್ಟದ ಬುಡದಲ್ಲಿ ಅಷ್ಟು ಚಂದದ ಟ್ರ್ಯಾಕ್. ಅವರ ಸೀಸನ್‌ಗೆ ಇಲ್ಲಿಂದ ಕುದುರೆಗಳು ಹೋಗುತ್ತವೆ, ಜೊತೆಗೆ ಸೈಸ್‌ಗಳೂ ಹೋಗುತ್ತಾರೆ. ಗಾಡಿ ಯಾವ ದಿನ, ಅಲ್ಲಿ ಮಲಗುವ ಜಾಗ ಯಾವುದು ಅನ್ನುವುದು ಹಿಂದಿನ ರಾತ್ರಿ ತನಕ ಗೊತ್ತಿರುವುದಿಲ್ಲ. ಅಲ್ಲಿಯೂ ಒಂದು ಹಲಗೆ ಹಾಕಲು ಇಬ್ಬರು ಒಪ್ಪಿದ್ದಾರೆ. ಇಲ್ಲಿ ಬರೆದದ್ದನ್ನು ಫೋಟೋ ತೆಗೆದು ಅವರಿಗೆ ಕಳಿಸುತ್ತೇನೆ, ಅವರದ್ದು ನಮಗೆ ಬರುತ್ತದೆ.

ಹಲಗೆಗೆ ಏನು ಬರೆಯಬೇಕು ಅಂತ ನನಗೆ ಎರಡು ಕಟ್ಟುಪಾಡು ಇದೆ. ಯಾರು ಹೇಳಿದರು ಅಂತ ಗೊತ್ತಿಲ್ಲದ ಸುದ್ದಿ ಬರೆಯುವುದಿಲ್ಲ. ಒಂದು ಸಲ ತಪ್ಪಿದ್ದೇನೆ. ಒಂದು ಕುದುರೆ ಕುಂಟುತ್ತಿದೆ, ಶನಿವಾರ ಓಡುವುದಿಲ್ಲ ಅಂತ ಯಾರೋ ಹೇಳಿದ್ದನ್ನು ಬರೆದುಬಿಟ್ಟೆ. ಕುದುರೆ ಚೆನ್ನಾಗಿತ್ತು. ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪನನ್ನು, ನೀನೇ ಹೊರಗೆ ಹೇಳಿದ್ದು ಅಂತ ಬೈದು ಒಂದು ವಾರ ಕೆಲಸದಿಂದ ನಿಲ್ಲಿಸಿದರು. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ, ಆ ವಾರದ ಸಂಬಳ ಕೊಟ್ಟೆ, ಅವರು ತೆಗೆದುಕೊಳ್ಳಲಿಲ್ಲ. ಅವತ್ತಿನಿಂದ ಯಾವುದೇ ಕುದುರೆಯ ಮೈ ಸುದ್ದಿ ಹಲಗೆಗೆ ಬರುವುದಿಲ್ಲ, ರೇಸ್ ಮೇಲ್ವಿಚಾರಣೆ ಮಾಡುವ ಸ್ಟೀವರ್ಡ್‌ಗಳ ಕಡೆಯಿಂದ ಪ್ರಕಟಣೆ ಬಂದರೆ ಮಾತ್ರ. ಎರಡನೆಯದು, ರೇಸಿನಿಂದ ನಿವೃತ್ತಿಯಾದ ಕುದುರೆ ಎಲ್ಲಿಗೆ ಹೋಯಿತು ಅಂತ ಬರೆಯುತ್ತೇನೆ. ರೈಡಿಂಗ್ ಸ್ಕೂಲಿಗೋ, ಫಾರ್ಮಿಗೋ, ಮದುವೆ ಸಾರೋಟಿಗೋ. ನಾಲ್ಕು ವರ್ಷ ಕೈಯಾರೆ ತಿನ್ನಿಸಿದವರಿಗೆ ಅದು ತಿಳಿಯಬೇಕು. ಪ್ರತಿ ಕುದುರೆಗೂ ಮೈಯೊಳಗೆ ಚಿಪ್ ಇದೆ, ಪಾಸ್‌ಪೋರ್ಟ್ ಇದೆ. ಎಲ್ಲಿದೆ ಅಂತ ಹುಡುಕುವುದು ಅಸಾಧ್ಯವೇನಲ್ಲ.

ಈಗ ಒಂದು ಕೆಲಸ ಇದೆ. ನಿಮ್ಮ ನಿಮ್ಮ ಕುದುರೆಯ ಫ್ಲೂ ಲಸಿಕೆ ಯಾವಾಗ ಹಾಕಿಸಿದ್ದು ಅಂತ ನೆನಪಿದ್ದವರು ಎಷ್ಟು ಜನ, ಕೈ ಎತ್ತಿ. ಪರವಾಗಿಲ್ಲ, ಕಮ್ಮಿ ಇದ್ದಾರೆ ಅಂತ ಗೊತ್ತಿತ್ತು. ಬಾಗಿಲ ಹತ್ತಿರ ಚಿಕ್ಕ ಪುಸ್ತಕಗಳಿವೆ, ನಮ್ಮ ಪ್ರೆಸ್‌ನಲ್ಲೇ ಕನ್ನಡದಲ್ಲಿ ಮಾಡಿಸಿದ್ದು, ಒಂದು ಕುದುರೆಗೆ ಒಂದು. ದುಡ್ಡು ಕೊಡಬೇಕಾಗಿಲ್ಲ. ಡಾಕ್ಟರ್ ಮೇಡಂ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಅದನ್ನು ಹೇಗೆ ತುಂಬಬೇಕು ಅಂತ ಅವರೇ ತೋರಿಸುತ್ತಾರೆ. ಮೈಕ್ ಅವರಿಗೆ ಕೊಡುತ್ತೇನೆ. ಬನ್ನಿ ಮೇಡಂ.