ಬರ್ನರ್ ತಾನಾಗಿ ನಿಂತಾಗ

ಎಲ್ಲರಿಗೂ ನಮಸ್ಕಾರ. ಗ್ರೋತ್ ಸೆಂಟರ್ ಕೈಗಾರಿಕಾ ಪ್ರದೇಶದ ಕಡೆಯ ಫ್ಯಾಕ್ಟರಿಗಳಿಂದ ಬಂದವರಿದ್ದೀರಿ. ಆಸ್ಪತ್ರೆ ಲಾಂಡ್ರಿಯಲ್ಲಿ ಸ್ಟೀಮ್ ನೋಡಿಕೊಳ್ಳುವವರಿದ್ದೀರಿ. ಹಾಸ್ಟೆಲ್, ಛತ್ರದ ಅಡುಗೆಮನೆಗೆ ಡೀಸೆಲ್ ಬಾಯ್ಲರ್ ಹಾಕಿಸಿಕೊಂಡವರಿದ್ದೀರಿ. ಹಿಂದಿನ ಸಾಲಲ್ಲಿ ಐಟಿಐ ಹುಡುಗರೂ ಕೂತಿದ್ದಾರೆ. ಎಲ್ಲರಿಗೂ ನಾನು ಹೇಳೋದಕ್ಕೆ ಬಂದಿರುವುದು ಒಂದೇ ಮಾತು. ನಿಮ್ಮ ಬಾಯ್ಲರ್‌ಗೆ ಅಪಾಯ ಬಂದಾಗ ಎಣ್ಣೆ ಉರಿಸುವ ಬರ್ನರನ್ನು ತಾನಾಗಿ ನಿಲ್ಲಿಸುವ ಸಾಧನಗಳಿವೆ. ಅವು ನಿಜವಾಗಿ ನಿಲ್ಲಿಸುತ್ತವಾ ಅಂತ ದಿನಾ ಬೇಕಂತಲೇ ಟ್ರಿಪ್ ಮಾಡಿಸಿ ನೋಡಿ. ಹಾಗೆ ನೋಡದೆ ಇದ್ದರೆ ಅವು ಇದ್ದೂ ಇಲ್ಲದ ಹಾಗೆ. ಇನ್ನೂ ಕೆಟ್ಟದ್ದೇನು ಅಂದರೆ, ಅವು ಇವೆ ಅನ್ನೋ ಧೈರ್ಯದಲ್ಲಿ ನೀವು ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ಕಡೆ ತಿರುಗಿ ನೋಡೋದನ್ನೂ ಬಿಟ್ಟುಬಿಡುತ್ತೀರಿ.

ಮೊದಲು ನಮ್ಮ ಎದುರಿಗಿರುವ ಶಕ್ತಿ ಎಷ್ಟು ಅಂತ ತಿಳಿಯೋಣ. ಬಾಯ್ಲರ್ ಸಿಡಿಯುವುದು ಅಂದರೆ ಒಳಗಿನ ಸ್ಟೀಮ್ ಹೊರಗೆ ಬರೋದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದಕ್ಕಿಂತ ಜಾಸ್ತಿ ಭಯ ಪಡಬೇಕಾದ್ದು ನೀರಿಗೆ. ಚದರ ಸೆಂಟಿಮೀಟರಿಗೆ 10 ಕೆಜಿ ಪ್ರೆಷರಿನಲ್ಲಿ ಒಳಗಿನ ನೀರು ಸುಮಾರು 184 ಡಿಗ್ರಿ ಬಿಸಿ ಇರುತ್ತದೆ. ಪ್ರೆಷರ್ ಒತ್ತಿ ಹಿಡಿದಿರುವುದರಿಂದ ಅದು ನೀರಾಗಿಯೇ ಉಳಿದಿರುತ್ತದೆ, ಅಷ್ಟೇ. ಶೆಲ್, ಅಂದರೆ ಬಾಯ್ಲರಿನ ಹೊರಗಿನ ಉಕ್ಕಿನ ಕವಚ, ಹರಿದು ಪ್ರೆಷರ್ ಒಮ್ಮೆಲೇ ಇಳಿದರೆ ಆ ನೀರಿನ ಸುಮಾರು ಆರನೇ ಒಂದು ಭಾಗ ಆ ಕ್ಷಣಕ್ಕೇ ಸ್ಟೀಮ್ ಆಗುತ್ತದೆ. ಒಂದು ಟನ್ ನೀರಿದ್ದರೆ ನೂರೈವತ್ತು ಕೆಜಿಗೂ ಮೇಲೆ. ಅದು ಹರಡಿಕೊಳ್ಳೋದಕ್ಕೆ ಬೇಕಾದ ಜಾಗ 250 ಘನ ಮೀಟರ್‌ಗೂ ಜಾಸ್ತಿ. ನಿಮ್ಮ ಬಾಯ್ಲರ್ ರೂಮಿನ ಅಳತೆ ನಿಮಗೇ ಗೊತ್ತು. ಗೋಡೆ ನಿಲ್ಲೋದಿಲ್ಲ.

ಶೆಲ್ಲೋ, ಒಳಗೆ ಉರಿ ಇರುವ ಫರ್ನೇಸ್ ಟ್ಯೂಬೋ ಯಾಕೆ ಹರಿಯುತ್ತದೆ? ತುಕ್ಕು, ವೆಲ್ಡಿಂಗ್ ದೋಷ, ಪ್ರೆಷರ್ ಮಿತಿ ಮೀರುವುದು, ಎಲ್ಲವೂ ಕಾರಣವೇ. ಆದರೆ ನಡೆಸುವವರ ಕೈಯಲ್ಲಿರುವ ದೊಡ್ಡ ಕಾರಣ ನೀರು ಕಡಿಮೆಯಾಗುವುದು. ಎಣ್ಣೆಯ ಉರಿ ಸಾವಿರ ಡಿಗ್ರಿಗೂ ಮೇಲೆ ಇರುತ್ತದೆ. ಉಕ್ಕು ಕರಗದೆ ಉಳಿದಿರೋದು ಅದರ ಇನ್ನೊಂದು ಮಗ್ಗುಲಲ್ಲಿ ನೀರಿದ್ದು ಬಿಸಿಯನ್ನು ಹೀರಿಕೊಳ್ಳುತ್ತಿರೋದರಿಂದ. ನೀರಿನ ಮಟ್ಟ ಫರ್ನೇಸಿನ ನೆತ್ತಿಗಿಂತ ಕೆಳಗಿಳಿಯಿತು ಅಂದರೆ ಆ ಭಾಗ ಕೆಂಪಗೆ ಕಾಯುತ್ತದೆ. 600 ಡಿಗ್ರಿ ಹೊತ್ತಿಗೆ ಉಕ್ಕಿನ ಬಲ ಅರ್ಧಕ್ಕಿಂತಲೂ ಕಡಿಮೆಯಾಗಿರುತ್ತದೆ. ಪ್ರೆಷರ್ ಮಾತ್ರ ಹಾಗೇ ಇರುತ್ತದೆ. ಗಮನಿಸಿ, ಇಲ್ಲಿ ಪ್ರೆಷರ್ ಮಿತಿ ಮೀರಿದರೆ ಸ್ಟೀಮ್ ಹೊರಬಿಡುವ ಸೇಫ್ಟಿ ವಾಲ್ವ್ ನಿಮ್ಮನ್ನು ಕಾಪಾಡೋದಿಲ್ಲ, ಯಾಕೆಂದರೆ ಪ್ರೆಷರ್ ಮಿತಿ ದಾಟೇ ಇಲ್ಲ, ಲೋಹವೇ ಸೋತಿದೆ. ಇಲ್ಲಿ ಕಾಪಾಡಬೇಕಾದ್ದು ನೀರು ಇಳಿದಾಗ ಬರ್ನರ್ ನಿಲ್ಲಿಸುವ ಲೋ ವಾಟರ್ ಕಟ್‌ಆಫ್.

ನಮ್ಮ ಕಡೆ ಇದು ಎರಡು ಥರ ಕಾಣಸಿಗುತ್ತದೆ. ಒಂದು ಫ್ಲೋಟ್ ಇರುವುದು, ಮೊಬ್ರೆ ಅಂತಲೇ ಕರೆಯುತ್ತೇವೆ. ಬಾಯ್ಲರ್ ಪಕ್ಕದಲ್ಲಿ ಒಂದು ಚಿಕ್ಕ ಚೇಂಬರ್, ಅದರೊಳಗೆ ತೇಲುವ ಬುಂಡೆ, ಬುಂಡೆಯ ಕಡ್ಡಿಯ ಇನ್ನೊಂದು ತುದಿಯಲ್ಲಿ ಮ್ಯಾಗ್ನೆಟ್. ನೀರು ಇಳಿದರೆ ಬುಂಡೆ ಇಳಿಯುತ್ತದೆ, ಮ್ಯಾಗ್ನೆಟ್ ಆಚೆ ಕಡೆಯ ಸ್ವಿಚ್ಚನ್ನು ತಿರುಗಿಸುತ್ತದೆ. ಇನ್ನೊಂದು ಪ್ರೋಬ್ ಇರುವುದು. ಬೇರೆ ಬೇರೆ ಉದ್ದದ ಕಡ್ಡಿಗಳು ನೀರಿಗೆ ಮುಳುಗಿರುತ್ತವೆ, ನೀರಿನ ಮೂಲಕ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ, ನೀರು ಕಡ್ಡಿಯನ್ನು ಬಿಟ್ಟ ಕೂಡಲೇ ಸರ್ಕ್ಯೂಟ್ ಕಡಿಯುತ್ತದೆ. ಎರಡರಲ್ಲೂ ಮೊದಲ ಮಟ್ಟಕ್ಕೆ ಬಾಯ್ಲರಿಗೆ ನೀರು ತುಂಬುವ ಫೀಡ್ ಪಂಪ್ ಓಡಬೇಕು, ಇನ್ನೂ ಇಳಿದರೆ ಅಲಾರಂ ಕೂಗಬೇಕು, ಅದಕ್ಕೂ ಕೆಳಗೆ ಹೋದರೆ ಬರ್ನರ್ ನಿಂತು ಲಾಕ್‌ಔಟ್ ಆಗಬೇಕು, ಅಂದರೆ ಕೈಯಿಂದ ರೀಸೆಟ್ ಮಾಡುವ ತನಕ ಮತ್ತೆ ಹತ್ತಬಾರದು.

ಈಗ ಇವೆರಡೂ ಹೇಗೆ ಕೆಡುತ್ತವೆ ನೋಡಿ, ಇದು ಮುಖ್ಯ. ಪ್ರೋಬಿನ ಮೇಲೆ ಸುಣ್ಣದ ಪದರ ಕಟ್ಟಿದರೆ ಕರೆಂಟ್ ಹರಿಯೋದಿಲ್ಲ. ನೀರಿದ್ದರೂ ಇಲ್ಲ ಅಂತ ತಿಳಿದು ಬರ್ನರ್ ನಿಲ್ಲುತ್ತದೆ. ಕಿರಿಕಿರಿ ನಿಜ, ಆದರೆ ಯಾರಿಗೂ ಏಟಾಗೋದಿಲ್ಲ. ಅದೇ ಪ್ರೋಬಿನ ತಲೆ ಭಾಗದಲ್ಲಿ, ಇನ್ಸುಲೇಟರ್ ಇರುವಲ್ಲಿ ತೇವ, ಕೊಳೆ ಸೇರಿ ಕರೆಂಟಿಗೆ ಅಡ್ಡದಾರಿ ಸಿಕ್ಕಿತು ಅಂದರೆ, ನೀರು ಖಾಲಿಯಾದರೂ ಇದೆ ಅಂತಲೇ ತೋರಿಸುತ್ತದೆ. ಫ್ಲೋಟಿನ ಕಥೆಯೂ ಅಷ್ಟೇ. ಚೇಂಬರಿನ ತಳದಲ್ಲಿ ಕೆಸರು ಕೂತರೆ ಬುಂಡೆ ಕೆಳಗಿಳಿಯೋದಕ್ಕೆ ಜಾಗ ಇರೋದಿಲ್ಲ, ಬಾಯ್ಲರಿನಲ್ಲಿ ನೀರು ಇಳಿದರೂ ಬುಂಡೆ ಮೇಲೇ ಕೂತಿರುತ್ತದೆ. ಹೊರಗಿನಿಂದ ನೋಡುವವರಿಗೆ ಎಲ್ಲ ಸರಿಯಾಗಿದೆ. ದೀಪ ಹಸಿರು. ಬೋರ್‌ವೆಲ್ ನೀರು ಗಡಸು ಅಂತ ನಮಗೆಲ್ಲ ಗೊತ್ತು, ಆ ಗಡಸು ತೆಗೆಯುವ ಸಾಫ್ಟ್‌ನರಿಗೆ ಹೊತ್ತಿಗೆ ಸರಿಯಾಗಿ ಉಪ್ಪು ಹಾಕಿ ರೀಜೆನರೇಷನ್ ಮಾಡದಿದ್ದರೆ ಆ ಸುಣ್ಣದ ಅಂಶ ಕೊನೆಗೆ ಬಂದು ಕೂರುವುದು ಟ್ಯೂಬಿನ ಮೇಲೆ, ಪ್ರೋಬಿನ ಮೇಲೆ, ಈ ಚೇಂಬರಿನ ತಳದಲ್ಲಿ.

ಹಾಗಾಗಿ ಪ್ರತಿ ಶಿಫ್ಟಿಗೆ ಒಂದು ಸಲ ಈ ಕೆಲಸ ಮಾಡಿ. ಬರ್ನರ್ ಉರಿಯುತ್ತಿರಲಿ, ಗೇಜ್ ಗ್ಲಾಸಿನಲ್ಲಿ ನೀರು ಸರಿಯಾಗಿರಲಿ. ಗೇಜ್ ಗ್ಲಾಸನ್ನೇ ಮೊದಲು ಬ್ಲೋಡೌನ್ ಮಾಡಿ, ಅಂದರೆ ಅದರೊಳಗಿನ ನೀರನ್ನು ಹೊರಬಿಟ್ಟು, ನೀರು ಚುರುಕಾಗಿ ವಾಪಸ್ ಏರುತ್ತದಾ ನೋಡಿಕೊಳ್ಳಿ, ಯಾಕೆಂದರೆ ಗ್ಲಾಸಿನ ದಾರಿ ಕಟ್ಟಿಕೊಂಡಿದ್ದರೆ ಅದು ಹೇಳುವ ಮಟ್ಟವೂ ಸುಳ್ಳು. ಆಮೇಲೆ ಫ್ಲೋಟ್ ಚೇಂಬರಿನ ಡ್ರೈನ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಮೊದಲು ಕಂದು ಬಣ್ಣದ ನೀರು ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ಅಷ್ಟರಲ್ಲಿ ಫೀಡ್ ಪಂಪ್ ಶುರುವಾದ ಸದ್ದು ಕೇಳಬೇಕು, ಅಲಾರಂ ಬರಬೇಕು, ಬರ್ನರ್ ನಿಲ್ಲಬೇಕು. ಮೂರೂ ಆಗಬೇಕು. ವಾಲ್ವ್ ಮುಚ್ಚಿದ ಮೇಲೆ ಬುಂಡೆ ಮೇಲೇರಿದರೂ ಬರ್ನರ್ ತಾನಾಗಿ ಹತ್ತಿಕೊಳ್ಳಬಾರದು, ನೀವು ಕೈಯಿಂದ ರೀಸೆಟ್ ಮಾಡಿದ ಮೇಲೇ ಹತ್ತಬೇಕು. ಬರ್ನರ್ ನಿಲ್ಲಲಿಲ್ಲವಾ? ನೀವೇ ಆಫ್ ಮಾಡಿ, ರಿಪೇರಿ ಆಗುವ ತನಕ ಆ ಬಾಯ್ಲರ್ ನಡೆಸಬೇಡಿ.

ಡ್ರೈನ್ ತೆರೆದಾಗ ನೀರಿನ ಸೆಳೆತಕ್ಕೆ ಅಂಟಿಕೊಂಡ ಬುಂಡೆಯೂ ಕೆಳಗೆ ಬಂದುಬಿಡಬಹುದು, ಆಗ ಪರೀಕ್ಷೆ ಪಾಸಾದ ಹಾಗೆ ಕಾಣುತ್ತದೆ. ಅದಕ್ಕೆ ಆಗಾಗ ಇನ್ನೊಂದು ಪರೀಕ್ಷೆ ಬೇಕು. ಫೀಡ್ ಪಂಪ್ ನಿಲ್ಲಿಸಿ, ಬರ್ನರ್ ಉರಿಯಲು ಬಿಟ್ಟು, ನೀರು ಆವಿಯಾಗಿ ತಾನಾಗಿ ಇಳಿಯುವುದನ್ನು ಗ್ಲಾಸಿನಲ್ಲಿ ನೋಡುತ್ತಾ ಕೂರಬೇಕು. ಇಬ್ಬರು ಇರಬೇಕು. ಒಬ್ಬರ ಕಣ್ಣು ಗ್ಲಾಸಿನ ಮೇಲೆ, ಇನ್ನೊಬ್ಬರ ಕೈ ಬರ್ನರ್ ಸ್ವಿಚ್ಚಿನ ಮೇಲೆ. ಗ್ಲಾಸಿನ ಕೆಳಗಿನ ಗುರುತು ಬರುವಷ್ಟರಲ್ಲಿ ಟ್ರಿಪ್ ಆಗದಿದ್ದರೆ ಆಫ್ ಮಾಡಿಬಿಡಿ.

ಕೆಲವು ಶೆಲ್ ಬಾಯ್ಲರುಗಳಲ್ಲಿ ಫರ್ನೇಸಿನ ನೆತ್ತಿಗೆ ಫ್ಯೂಸಿಬಲ್ ಪ್ಲಗ್ ಇರುತ್ತದೆ. ಮನೆಯ ಕುಕ್ಕರ್ ಮುಚ್ಚಳದಲ್ಲಿ ಕರಗಿ ಬಿಡುವ ಬಿಲ್ಲೆ ಇರುತ್ತದಲ್ಲ, ಹಾಗೆಯೇ. ಒಳಗಿರುವ ತವರ 232 ಡಿಗ್ರಿಗೆ ಕರಗುತ್ತದೆ, ಸ್ಟೀಮ್ ಫರ್ನೇಸಿನೊಳಗೆ ನುಗ್ಗುತ್ತದೆ. ಅದು ಕೊನೆಯ ಕಾವಲು. ಅದು ಕರಗುವ ತನಕ ಕಾಯುವ ಪರಿಸ್ಥಿತಿ ಬರಲೇಬಾರದು.

ನೀರಿನ ಕಥೆ ಇಷ್ಟು. ಇನ್ನು ಉರಿಯ ಕಡೆ ಬರೋಣ. ಎಣ್ಣೆ ಬಾಯ್ಲರಿನಲ್ಲಿ ಎರಡನೇ ಥರದ ಸ್ಫೋಟ ಇದೆ, ಅದು ಆಗೋದು ಫರ್ನೇಸಿನೊಳಗೆ. ಉರಿಯದೆ ಒಳಗೆ ಸೇರಿದ ಎಣ್ಣೆ ಬಿಸಿಗೆ ಆವಿಯಾಗಿ, ಗಾಳಿಯ ಜೊತೆ ಬೆರೆತು, ಕಿಡಿಗೆ ಕಾಯುತ್ತಿರುತ್ತದೆ. ಅದಕ್ಕೇ ಬರ್ನರ್ ಕಂಟ್ರೋಲರ್ ಒಂದು ಕ್ರಮ ಇಟ್ಟುಕೊಂಡಿದೆ. ಮೊದಲು ಫ್ಯಾನ್ ಓಡಿ ಒಳಗಿನ ಹಳೆಯ ಆವಿಯನ್ನು ಚಿಮಣಿಗೆ ತಳ್ಳಬೇಕು, ಆಮೇಲೆ ಎಲೆಕ್ಟ್ರೋಡಿನಲ್ಲಿ ಕಿಡಿ, ಆಮೇಲೆ ಸೊಲೆನಾಯ್ಡ್ ಅನ್ನೋ ಕರೆಂಟಿನ ವಾಲ್ವ್ ತೆರೆದು ಎಣ್ಣೆ. ಕೆಲವೇ ಸೆಕೆಂಡಿನಲ್ಲಿ ಉರಿ ಇದೆಯಾ ಅಂತ ನೋಡುವ ಫೋಟೋಸೆಲ್‌ಗೆ ಬೆಳಕು ಕಾಣಬೇಕು. ಕಾಣದಿದ್ದರೆ ಎಣ್ಣೆ ಬಂದ್, ಕೆಂಪು ದೀಪ, ಲಾಕ್‌ಔಟ್.

ಆ ಕೆಂಪು ದೀಪ ಬಂದಾಗ ಒತ್ತುವ ರೀಸೆಟ್ ಗುಂಡಿಯ ಬಗ್ಗೆ ನನಗೆ ತುಂಬಾ ಹೇಳಬೇಕಿದೆ. ಅಡುಗೆಗೆ ಹೊತ್ತಾಯಿತು, ಲಾಂಡ್ರಿಯಲ್ಲಿ ಬಟ್ಟೆ ಒದ್ದೆ ಬಿದ್ದಿದೆ, ಸೂಪರ್‌ವೈಸರ್ ಫೋನ್ ಮಾಡುತ್ತಿದ್ದಾರೆ, ಅಂಥ ಹೊತ್ತಿನಲ್ಲಿ ಹುಡುಗ ಏನು ಮಾಡುತ್ತಾನೆ? ರೀಸೆಟ್ ಒತ್ತುತ್ತಾನೆ. ಹತ್ತಲಿಲ್ಲ, ಮತ್ತೆ ಒತ್ತುತ್ತಾನೆ. ಮತ್ತೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 500 ಕೆಜಿ ಸ್ಟೀಮ್ ಕೊಡುವ ಬಾಯ್ಲರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 35 ಲೀಟರ್ ಡೀಸೆಲ್ ಕುಡಿಯುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 10 ಮಿಲಿ. ಎಣ್ಣೆ ಸಿಂಪಡಿಸುವ ನಾಝಲ್ ಒಂದೇ ಇರುವ ಬರ್ನರ್ 5 ಸೆಕೆಂಡ್ ಕಾದು ಲಾಕ್‌ಔಟ್ ಆದರೆ 50 ಮಿಲಿ ಒಳಗೆ ಹೋಯಿತು. ಐದು ಸಲ ಒತ್ತಿದರೆ ಕಾಲು ಲೀಟರ್ ಡೀಸೆಲ್ ಬಿಸಿ ಫರ್ನೇಸಿನ ತಳದಲ್ಲಿ ಹೊಗೆಯಾಡುತ್ತಿದೆ. ಆರನೇ ಸಲ ಕಿಡಿ ಸರಿಯಾಗಿ ಬಂತು ಅಂದರೆ ಮುಂದಿನ ಬಾಗಿಲು ಹಾರಿ ಬರುತ್ತದೆ, ಆಗ ಅದರ ಎದುರಿಗೆ ನಿಂತಿರುವವನು ಗುಂಡಿ ಒತ್ತಿದವನೇ. ಫ್ಯಾನ್ ಅಷ್ಟನ್ನೂ ಹೊರಗೆ ತಳ್ಳುತ್ತದೆ ಅಂತ ನಂಬಬೇಡಿ. ಆವಿಯನ್ನು ತಳ್ಳಬಹುದು, ತಳದಲ್ಲಿ ನೆಂದು ಕೂತ ಎಣ್ಣೆಯನ್ನಲ್ಲ.

ಒಂದು ಸಲ ರೀಸೆಟ್ ಮಾಡಿ, ಸಾಕು. ಎರಡನೇ ಸಲ ಮುಟ್ಟುವ ಮೊದಲು ಕಾರಣ ಹುಡುಕಿ. ಟ್ಯಾಂಕಿನಲ್ಲಿ ಎಣ್ಣೆ ಇದೆಯಾ, ಫಿಲ್ಟರ್ ಕಟ್ಟಿದೆಯಾ, ನಾಝಲ್ ಮಸಿ ಹಿಡಿದಿದೆಯಾ, ಎಲೆಕ್ಟ್ರೋಡಿನ ಅಂತರ ಸರಿ ಇದೆಯಾ, ಫೋಟೋಸೆಲ್ ಗಾಜು ಕಪ್ಪಾಗಿದೆಯಾ? ಫರ್ನೇಸ್ ಆಯಿಲ್ ಉರಿಸುವವರಾದರೆ ಎಣ್ಣೆಯ ಬಿಸಿಯನ್ನೂ ನೋಡಿ, ಅದು ತಣ್ಣಗಿದ್ದರೆ ಗಟ್ಟಿಯಾಗಿ ಹನಿ ಹನಿಯಾಗಿ ಬೀಳುತ್ತದೆ, ಮಂಜಿನ ಹಾಗೆ ಒಡೆಯೋದಿಲ್ಲ. ಫರ್ನೇಸಿನೊಳಗೆ ಎಣ್ಣೆ ನಿಂತಿದ್ದರೆ ಒರೆಸಿ ತೆಗೆದು, ಗಾಳಿ ಆಡಿಸಿ, ಆಮೇಲೇ ಹತ್ತಿಸಿ.

ಫೋಟೋಸೆಲ್ ಪರೀಕ್ಷೆ ಸುಲಭ. ಬರ್ನರ್ ಉರಿಯುವಾಗ ಸೆಲ್ಲನ್ನು ಹೊರಗೆ ಎಳೆದು ಅಂಗೈಯಲ್ಲಿ ಮುಚ್ಚಿ. ಕೂಡಲೇ ಎಣ್ಣೆ ನಿಲ್ಲಬೇಕು. ಇದರ ಉಲ್ಟಾ ಪರೀಕ್ಷೆಯನ್ನು ತುಂಬಾ ಜನ ಮಾಡೋದೇ ಇಲ್ಲ. ಬರ್ನರ್ ಶುರು ಮಾಡುವಾಗ ಸೆಲ್‌ಗೆ ಟಾರ್ಚ್ ಬೆಳಕು ತೋರಿಸಿ. ಉರಿಯೇ ಇಲ್ಲದಾಗ ಬೆಳಕು ಹೇಗೆ ಬಂತು ಅಂತ ಕಂಟ್ರೋಲರ್ ಅನುಮಾನಿಸಿ ಎಣ್ಣೆ ಬಿಡದೆ ನಿಲ್ಲಬೇಕು. ಸಾಮಾನ್ಯ ಸೆಲ್ ನೋಡುವುದು ಬರಿ ಬೆಳಕನ್ನು. ಕೆಂಪಗೆ ಕಾದ ಇಟ್ಟಿಗೆಯ ಬೆಳಕೂ ಅದಕ್ಕೆ ಉರಿಯ ಥರವೇ ಕಾಣಬಹುದು, ಹಾಗಾಗಿ ಅದನ್ನು ಕೂರಿಸುವ ದಿಕ್ಕು ಮುಖ್ಯ, ಸುಮ್ನೆ ತೂತು ಸಿಕ್ಕಲ್ಲಿ ತುರುಕೋದಲ್ಲ.

ಎಣ್ಣೆ ನಿಲ್ಲಿಸುವ ಕೈ ಅಂದರೆ ಸೊಲೆನಾಯ್ಡ್ ವಾಲ್ವ್. ಕರೆಂಟ್ ಇದ್ದರೆ ಮಾತ್ರ ತೆರೆದಿರುತ್ತದೆ, ಹೋದರೆ ಒಳಗಿನ ಸ್ಪ್ರಿಂಗ್ ಮುಚ್ಚಿಬಿಡುತ್ತದೆ. ಇದು ಬಹಳ ಒಳ್ಳೆಯ ವ್ಯವಸ್ಥೆ. ವೈರ್ ತುಂಡಾದರೂ, ಫ್ಯೂಸ್ ಹೋದರೂ, ಊರಿಗೇ ಕರೆಂಟ್ ಹೋದರೂ ಎಣ್ಣೆ ನಿಲ್ಲುತ್ತದೆ. ಆದರೆ ಸೀಟಿನ ಮೇಲೆ ಒಂದು ಸಣ್ಣ ಕಸದ ಚೂರು ಕೂತರೆ ಹನಿ ಸೋರುತ್ತದೆ. ಬರ್ನರ್ ನಿಂತ ಮೇಲೆ ನಾಝಲ್ ತುದಿ ನೋಡಿ, ಒದ್ದೆಯಾಗುತ್ತಲೇ ಇದ್ದರೆ ವಾಲ್ವ್ ಬದಲಿಸಿ. ಸಾಲಾಗಿ ಎರಡು ವಾಲ್ವ್ ಇದ್ದರೆ ಇನ್ನೂ ಒಳ್ಳೆಯದು.

ಪ್ರೆಷರ್ ಬಗ್ಗೆ ಬೇಗ ಹೇಳುತ್ತೇನೆ. ಎರಡು ಪ್ರೆಷರ್ ಸ್ವಿಚ್ ಇರಬೇಕು. ಒಂದು ದಿನದ ಕೆಲಸಕ್ಕೆ ಬರ್ನರನ್ನು ಆನ್ ಆಫ್ ಮಾಡುವುದು. ಇನ್ನೊಂದು ಅದಕ್ಕಿಂತ ಸ್ವಲ್ಪ ಮೇಲೆ ಸೆಟ್ ಆಗಿ, ಮೊದಲಿನದು ಕೈಕೊಟ್ಟಾಗ ಲಾಕ್‌ಔಟ್ ಮಾಡುವುದು. ಇವೆರಡೂ ಸೋತರೆ ಸೇಫ್ಟಿ ವಾಲ್ವ್. ಸೇಫ್ಟಿ ವಾಲ್ವ್ ಪದೇ ಪದೇ ಬಿಡುತ್ತಿದೆ ಅಂದರೆ ಸ್ವಿಚ್ಚುಗಳನ್ನು ನೋಡಬೇಕೇ ಹೊರತು ವಾಲ್ವಿನ ಸ್ಪ್ರಿಂಗ್ ಬಿಗಿ ಮಾಡಬಾರದು. ಅದು ಜೈಲಿಗೆ ಹೋಗಬಹುದಾದ ಅಪರಾಧ. ನಮ್ಮ ದೇಶದಲ್ಲಿ ಬಾಯ್ಲರ್ ಕಾನೂನು ಹುಟ್ಟಿದ್ದೇ ಸಾವುಗಳಿಂದ. 1863ರಲ್ಲಿ ಕಲ್ಕತ್ತಾದಲ್ಲಿ ದೊಡ್ಡ ಬಾಯ್ಲರ್ ಸ್ಫೋಟವಾಯಿತು, ಮರುವರ್ಷ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು, 1923ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ, ಈಗ ಅದರ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಉಳಿದ ದಿನಗಳಲ್ಲಿ ನೋಡಬೇಕಾದವರು ನೀವೇ ಅಲ್ವಾ?

ಇನ್ನು ಜಂಪರ್, ಅಂದರೆ ಸುರಕ್ಷತೆಯ ಸ್ವಿಚ್ಚನ್ನು ತಪ್ಪಿಸಿ ಹಾಕುವ ವೈರಿನ ವಿಷಯ. ಒಂದು ಕಡೆ ಪ್ಯಾನೆಲ್ ತೆಗೆದಾಗ ಲೋ ಲೆವೆಲ್ ಸ್ವಿಚ್ಚಿನ ಎರಡು ಟರ್ಮಿನಲ್ ನಡುವೆ ಗೇಣುದ್ದದ ಒಂದು ಕೆಂಪು ವೈರ್ ಕಂಡಿತು. ಸ್ಕ್ರೂ ಮೇಲೆ ಧೂಳು ಕಟ್ಟಿತ್ತು, ಅಂದರೆ ನಿನ್ನೆ ಮೊನ್ನೆ ಹಾಕಿದ್ದಲ್ಲ. ಕೇಳಿದರೆ, ರಾತ್ರಿ ಶಿಫ್ಟಲ್ಲಿ ಪದೇ ಪದೇ ಟ್ರಿಪ್ ಆಗುತ್ತಿತ್ತು ಸಾರ್, ಆವತ್ತಿನ ಮಟ್ಟಿಗೆ ಅಂತ ಹಾಕಿದ್ದು ಅಂದರು. ಆ ಹುಡುಗನನ್ನು ಬೈಯೋದರಿಂದ ಏನೂ ಆಗೋದಿಲ್ಲ. ಪದೇ ಪದೇ ಟ್ರಿಪ್ ಆಗಲು ಕಾರಣ ಏನಿತ್ತು ಅಂತ ಹುಡುಕಿದಾಗ ಸಿಕ್ಕಿದ್ದು ಫೀಡ್ ಪಂಪು. ಸ್ಟೀಮ್ ತಣಿದು ನೀರಾದ ಕಂಡೆನ್ಸೇಟ್ ವಾಪಸ್ ಬಂದು ಫೀಡ್ ಟ್ಯಾಂಕ್ ನೀರು ತುಂಬಾ ಬಿಸಿಯಾಗುತ್ತಿತ್ತು, ಪಂಪಿನ ಬಾಯಲ್ಲೇ ಆವಿಯಾಗಿ ಪಂಪ್ ನೀರು ಎತ್ತುತ್ತಿರಲಿಲ್ಲ. ನಮ್ಮ ಹಾಸನ ಸಮುದ್ರ ಮಟ್ಟಕ್ಕಿಂತ ಸುಮಾರು 950 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಚಿಕ್ಕಮಗಳೂರಲ್ಲಿ ಇನ್ನೂ ಸ್ವಲ್ಪ ಕಡಿಮೆ. ಕರಾವಳಿಯಲ್ಲಿ ಪಂಪಿನ ಬಾಯಿಗೆ ಸಾಕಾಗುವಷ್ಟು ಒತ್ತಡ ಕೊಡುವ ಟ್ಯಾಂಕ್ ಎತ್ತರ ಇಲ್ಲಿ ಸಾಲದೆ ಹೋಗಬಹುದು. ಟ್ಯಾಂಕ್ ಎತ್ತರಿಸಿ, ಸಕ್ಷನ್ ಪೈಪ್ ದಪ್ಪ ಮಾಡಿದರೆ ಮುಗಿಯುವ ಕೆಲಸ. ಕಟ್‌ಆಫ್ ಅಷ್ಟು ದಿನ ಸತ್ಯವನ್ನೇ ಹೇಳುತ್ತಿತ್ತು, ನೀರು ನಿಜವಾಗಿಯೂ ಕಡಿಮೆಯಾಗುತ್ತಿತ್ತು.

ಮಾಲೀಕರು, ಮ್ಯಾನೇಜರುಗಳು ಇದ್ದೀರಿ, ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಬಾಯ್ಲರ್ ಅಟೆಂಡೆಂಟ್ ಬರ್ನರ್ ನಿಲ್ಲಿಸಿದರೆ ಯಾಕೆ ನಿಲ್ಲಿಸಿದೆ ಅಂತ ಗದರಬೇಡಿ. ಪ್ಯಾನೆಲ್ಲಿಗೆ ಬೀಗ ಹಾಕಿಸಿ. ಒಂದು ಫೋಟೋಸೆಲ್, ಒಂದು ಸೊಲೆನಾಯ್ಡ್ ಕಾಯಿಲ್, ಗೇಜ್ ಗ್ಲಾಸ್ ಸ್ಟೋರಿನಲ್ಲಿ ಇಡಿಸಿ. ಸ್ಪೇರ್ ಇಲ್ಲದ ಕಡೆಯೇ ಜಂಪರ್ ಹುಟ್ಟೋದು. ಟ್ರಿಪ್ ಪರೀಕ್ಷೆ ಮಾಡಿದ ಹೊತ್ತು, ಮಾಡಿದವರ ಸಹಿ ಲಾಗ್ ಬುಕ್ಕಿನಲ್ಲಿ ಬರೆಸಿ, ವಾರಕ್ಕೊಮ್ಮೆಯಾದರೂ ನೀವೇ ಹೋಗಿ ಎದುರಿಗೆ ನಿಂತು ಮಾಡಿಸಿ.

ಅಟೆಂಡೆಂಟುಗಳಿಗೆ ಕೊನೆಯದಾಗಿ ಒಂದು ವಿಷಯ, ಇದನ್ನು ಮರೆಯಲೇಬೇಡಿ. ಗೇಜ್ ಗ್ಲಾಸಿನಲ್ಲಿ ನೀರೇ ಕಾಣುತ್ತಿಲ್ಲ, ಬರ್ನರ್ ಇನ್ನೂ ಉರಿಯುತ್ತಿದೆ ಅಂದರೆ ಮೊದಲು ಬರ್ನರ್ ಆಫ್. ಫೀಡ್ ಪಂಪನ್ನು ಆಟೋದಲ್ಲಿ ಬಿಡಬೇಡಿ, ಅದನ್ನೂ ಆಫ್ ಮಾಡಿ. ನೀರು ಹಾಕಬೇಡಿ. ಕೆಂಪಗೆ ಕಾದ ಲೋಹದ ಮೇಲೆ ನೀರು ಬಿದ್ದರೆ ಒಮ್ಮೆಲೇ ಆವಿಯೆದ್ದು ಸಿಡಿಯಬಹುದು. ಸೇಫ್ಟಿ ವಾಲ್ವ್ ಎತ್ತಿ ಪ್ರೆಷರ್ ಇಳಿಸಲೂ ಹೋಗಬೇಡಿ, ಸ್ಟೀಮ್ ವಾಲ್ವನ್ನು ಸರ್ರನೆ ತಿರುಗಿಸಬೇಡಿ. ಜನರನ್ನು ಹೊರಗೆ ಕಳಿಸಿ, ತಾನಾಗಿ ತಣ್ಣಗಾಗಲು ಬಿಡಿ. ತಣ್ಣಗಾದ ಮೇಲೂ ಒಳಗೆ ತಪಾಸಣೆ ಆಗದೆ ಮತ್ತೆ ಹತ್ತಿಸಬೇಡಿ.

ಆ ಮೇಜಿನ ಮೇಲೆ ಒಂದು ಹಳೆಯ ಫ್ಲೋಟ್ ಚೇಂಬರನ್ನು ಬಿಚ್ಚಿ ಇಟ್ಟಿದ್ದೇವೆ, ತಳದ ಕೆಸರನ್ನು ಬೇಕಂತಲೇ ಹಾಗೇ ಬಿಟ್ಟಿದ್ದೇವೆ. ಪಕ್ಕದಲ್ಲಿ ಬರ್ನರ್ ಕಂಟ್ರೋಲರ್, ಫೋಟೋಸೆಲ್ ಇದೆ. ಐಟಿಐ ಹುಡುಗರು ಮೊದಲು ಬನ್ನಿ, ಬುಂಡೆಯನ್ನು ಕೈಯಲ್ಲಿ ಎತ್ತಿ ಇಳಿಸಿ, ಸ್ವಿಚ್ ಎಲ್ಲಿ ತಿರುಗುತ್ತದೆ ನೋಡಿ. ನಿಮ್ಮ ನಿಮ್ಮ ಬಾಯ್ಲರ್ ಬಗ್ಗೆ ಪ್ರಶ್ನೆ ಇರುವವರು ಅಲ್ಲೇ ಕೇಳಿ.